ಬಾಗಿಲಿಗೆ ಕಟ್ಟಿದ ಮುಳ್ಳು

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಹೆಂಡತಿ ತೀರಿಕೊಂಡಳು. ನಕ್ಷತ್ರ ಸರಿಯಿಲ್ಲ, ಆರು ತಿಂಗಳು ಮನೆ ಬಿಡಬೇಕು ಎಂದರು ಪುರೋಹಿತರು. ಮಗ ಬೇಡವೆಂದ. ನಾನು ಹಠ ಹಿಡಿದೆ. ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಜರಗನಹಳ್ಳಿಯ ಮನೆಗೆ ಬೀಗ ಹಾಕಿ, ಪದ್ಧತಿಯಂತೆ ಬಾಗಿಲಿಗೆ ಅಡ್ಡಲಾಗಿ ಜಾಲಿ ಮುಳ್ಳು ಕಟ್ಟಿ, ಉತ್ತರಹಳ್ಳಿಯ ಬಾಡಿಗೆ ಮನೆಗೆ ಹೊರಟೆವು.

ಮೊಮ್ಮಗಳಿಗೆ ಆಗ ಆರು ವರ್ಷ. ಅವಳ ಬಣ್ಣದ ಪೆಟ್ಟಿಗೆ ಒಳಗೇ ಉಳಿದಿತ್ತು. ಬೇಕೇ ಬೇಕೆಂದು ಗೇಟು ಹಿಡಿದು ಅತ್ತಳು. ಆಟೋದವನು ಅವಸರ ಮಾಡುತ್ತಿದ್ದ. ನಾನು ಅವಳ ಕಿವಿಯಲ್ಲಿ ಹೇಳಿದೆ: "ಒಳಗೆ ಸಾವು ಕೂತಿದೆ ಪುಟ್ಟಿ. ಬಾಗಿಲು ತೆಗೆದ್ರೆ ನಮ್ಮಲ್ಲಿ ಇನ್ನೊಬ್ರನ್ನ ಹಿಡ್ಕೊಳ್ಳುತ್ತೆ."

ಅಳು ತಟ್ಟನೆ ನಿಂತಿತು. ಉಪಾಯ ಫಲಿಸಿತೆಂದು ನಾನು ಸಮಾಧಾನಪಟ್ಟೆ. ಆ ಸಮಾಧಾನ ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಬಾಡಿಗೆ ಮನೆಗೆ ಹೋದ ಮೇಲೆ ಅವಳು ಶಾಲೆಗೆ ಹೋಗಲು ಒಪ್ಪಲಿಲ್ಲ. ಮಧ್ಯಾಹ್ನ ನಾನು ಮಲಗಿದರೆ ಮೂಗಿನ ಕೆಳಗೆ ಬೆರಳಿಟ್ಟು ಉಸಿರು ನೋಡುತ್ತಿದ್ದಳು. ಅವಳ ಅಮ್ಮ ಕೆಮ್ಮಿದರೆ ಓಡಿಹೋಗಿ ಸೆರಗು ಹಿಡಿಯುತ್ತಿದ್ದಳು.

"ಸ್ಕೂಲಿಗೆ ಹೋಗಲ್ವೇನೇ?" ಎಂದರೆ, "ನಾನ್ ಹೋದ್ರೆ ನಿಮ್ಮನ್ನೆಲ್ಲ ಯಾರು ನೋಡ್ಕೋತಾರೆ?" ಎನ್ನುತ್ತಿದ್ದಳು.

ಅಜ್ಜಿ ಹೋದ ಕೊರಗು ಎಂದುಕೊಂಡು ಮಗ ಡಾಕ್ಟರ ಬಳಿ ಕರೆದೊಯ್ದ. ಜೊತೆಗೆ ನಾನೂ ಹೋಗಿದ್ದೆ. "ಮಗುಗೆ ಯಾರಾದ್ರೂ ಏನಾದ್ರೂ ಹೇಳಿ ಹೆದರಿಸಿದ್ರಾ?" ಎಂದು ಅವರು ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದೆ. ಮೂರು ತಿಂಗಳು ಬಾಯಿ ಬಿಡಲಿಲ್ಲ. ಮಗು ಸೊರಗುತ್ತಾ ಹೋಯಿತು.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಮಗ ಸೊಸೆಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಮಗ ಎದ್ದು ಹೋಗಿ ಬೀಗದ ಕೈ ತಂದು ನನ್ನ ಮುಂದಿಟ್ಟ. ಆಮೇಲೆ, "ಮುಳ್ಳು ಕಟ್ಟಿದ್ದು ನೀವು. ಬಿಚ್ಚೋರೂ ನೀವೇ ಅಪ್ಪ" ಎಂದ.

ಮಚ್ಚನ್ನು ಚೀಲಕ್ಕೆ ಹಾಕಿಕೊಂಡು ಮೊಮ್ಮಗಳನ್ನು ಕರೆದೆ. ಬರುವುದಿಲ್ಲವೆಂದಳು. ನಾನೊಬ್ಬನೇ ಹೊರಟಾಗ, ನನ್ನನ್ನು ಕಾಯಲೆಂದು ಹಿಂದೆಯೇ ಓಡಿಬಂದಳು.

ಜರಗನಹಳ್ಳಿಯ ಮನೆಯ ಮೆಟ್ಟಿಲ ಮೇಲೆ ಇಬ್ಬರೂ ಕೂತೆವು.

"ನಾನು ಅವತ್ತು ಹೇಳಿದ್ದು ಸುಳ್ಳು ಕಣೇ. ಒಳಗೆ ಏನೂ ಇಲ್ಲ. ಅಜ್ಜಿಗೆ ಹಾರ್ಟು ಕೆಟ್ಟಿತ್ತು, ನಿಂತೋಯ್ತು. ಅವಳು ವಾಪಸ್ ಬರಲ್ಲ. ಆದ್ರೆ ಮನೆ ಏನೂ ಮಾಡ್ಲಿಲ್ಲ."

"ಮತ್ತೆ ಮುಳ್ಳು ಯಾಕೆ ಕಟ್ಟಿದೆ?"

"ನಂಗೆ ಭಯ ಆಗಿತ್ತು."

"ನೀನೂ ಸಾಯ್ತೀಯಾ ತಾತ?"

"ಒಂದಿನ ಸಾಯ್ತೀನಿ. ಯಾವತ್ತು ಅಂತ ಗೊತ್ತಿಲ್ಲ. ನೀನು ಸ್ಕೂಲಿಗೆ ಹೋದ್ರೂ ಅಷ್ಟೆ, ಪಕ್ಕದಲ್ಲೇ ಕೂತಿದ್ರೂ ಅಷ್ಟೆ. ನನ್ನ ಕಾಯೋ ಕೆಲಸ ನಿಂದಲ್ಲ."

ಅವಳು ಯೋಚಿಸಿದಳು. "ಈಗ್ಲೂ ಭಯ ಇದ್ಯಾ?"

"ಸ್ವಲ್ಪ ಇದೆ."

"ಹಾಗಾದ್ರೆ ಕೈ ಹಿಡ್ಕೋ."

ಮುಳ್ಳು ಕಡಿದು ಬೀಗ ತೆಗೆದೆ. ನನ್ನನ್ನು ಎಳೆದುಕೊಂಡು ಅವಳೇ ಮೊದಲು ಹೊಸ್ತಿಲು ದಾಟಿದಳು. ಅಡುಗೆಮನೆ, ಬಚ್ಚಲು, ಮಂಚದ ಕೆಳಗೆ, ಬೀರುವಿನ ಹಿಂದೆ, ಎಲ್ಲ ಕಡೆ ಬಗ್ಗಿ ನೋಡಿದಳು. ಅಜ್ಜಿಯ ಕೋಣೆಯ ಮುಂದೆ ಮಾತ್ರ ನಿಂತುಬಿಟ್ಟಳು. ಬಾಗಿಲನ್ನು ಅವಳೇ ಕಾಲಿನಿಂದ ತಳ್ಳಿದಳು. ಕಿಟಕಿ ತೆಗೆದೆ. ಬರಿಯ ಮಂಚ, ದೂಳು, ಗೋಡೆಯ ಮೇಲೊಂದು ಹಲ್ಲಿ. ಮೂರು ತಿಂಗಳ ನಂತರ ಮೊದಲ ಬಾರಿಗೆ ಅವಳು ನಕ್ಕಳು.

ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿದರು. "ಏನ್ರೀ ಇದು, ಇನ್ನೂ ಆರು ತಿಂಗಳು ಆಗಿಲ್ವಲ್ಲ?"

ಮೊಮ್ಮಗಳು ಕಿಟಕಿಯ ಸರಳು ಹಿಡಿದು ಕೂಗಿ ಹೇಳಿದಳು: "ತಾತ ಹೇಳಿದ್ದೆಲ್ಲ ಸುಳ್ಳು ಆಂಟಿ. ಒಳಗೆ ಹಲ್ಲಿ ಬಿಟ್ರೆ ಯಾರೂ ಇಲ್ಲ."

ಬೀದಿಗೆಲ್ಲ ಕೇಳಿಸಿತು. ಅಷ್ಟು ಸಂತೋಷದಿಂದ ನಾನು ಎಂದೂ ಮರ್ಯಾದೆ ಕಳೆದುಕೊಂಡಿರಲಿಲ್ಲ.

ಅದೇ ವಾರ ಎಲ್ಲರೂ ಮನೆಗೆ ಮರಳಿದೆವು. ಮುಂದಿನ ಸೋಮವಾರ ಅವಳನ್ನು ಶಾಲೆಯ ಗೇಟಿನವರೆಗೆ ಬಿಟ್ಟೆ. ಕೈ ಕೊಡವಿಕೊಂಡು ಓಡಿದಳು. ಹಿಂದಿರುಗಿ ನೋಡುವಳೇನೋ ಎಂದು ನಾನು ನಿಂತೇ ಇದ್ದೆ. ಅವಳು ನೋಡಲಿಲ್ಲ.