ಗಂಗಕ್ಕನ ಇಪ್ಪತ್ತಮೂರು ಸೆಕೆಂಡು

ಹುಬ್ಬಳ್ಳಿಯಲ್ಲಿ ಬೆಳಿಗ್ಗೆ ಆರೂವರೆಯ ಬಸ್ಸು ಹಿಡಿದೆ. ಯಲ್ಲಾಪುರಕ್ಕೆ ಸುಮಾರು ಎಪ್ಪತ್ತು ಕಿಲೋಮೀಟರ್. ಚೀಲದಲ್ಲಿ ಲ್ಯಾಪ್‌ಟಾಪು, ಎರಡು ಪುಟ್ಟ ಸ್ಪೀಕರು. ಜೇಬಿನಲ್ಲಿ ನಂದೊಳ್ಳಿಯ ಗಂಗಕ್ಕ ಬರೆದ ಕಾರ್ಡು. 'ಆ ಮಗು ಬದುಕಿದೆ. ದಯವಿಟ್ಟು ರೇಡಿಯೋದಲ್ಲಿ ಹೇಳಿ' ಎಂದಷ್ಟೇ ಇತ್ತು.

ಗಂಗಕ್ಕ ನಿವೃತ್ತ ನರ್ಸು. ಮೂವತ್ತು ವರ್ಷದ ಹಿಂದೆ ಸಿದ್ದಾಪುರದ ಕಡೆ ತಾವು ಮಾಡಿಸಿದ ಹೆರಿಗೆಯೊಂದರ ಕತೆಯನ್ನು ನಮ್ಮ ಬಾನುಲಿಗೆ ಹೇಳಿ ಧ್ವನಿಮುದ್ರಿಸಿದ್ದರು; ಹೋದ ತಿಂಗಳು ಅದು ಪ್ರಸಾರವಾಯಿತು. 'ಮಗು ಅಳಲಿಲ್ಲ' ಎಂದವರೇ ಸುಮ್ಮನಾದರು. ಹೊಸ ಕಂಪ್ಯೂಟರಿಗೆ ನಾನೇ ಒಂದು ಕಾವಲು ಹಾಕಿದ್ದೆ: ಹತ್ತು ಸೆಕೆಂಡು ಸದ್ದಿಲ್ಲದಿದ್ದರೆ ಪ್ರಸಾರ ಕೆಟ್ಟಿದೆ ಎಂದು ತಿಳಿದು ಅದು ಕೊಳಲು ಹಚ್ಚಬೇಕು. ಹಚ್ಚಿತು! ಕಾರ್ಯಕ್ರಮದ ಹೊತ್ತು ಮುಗಿಯುವವರೆಗೂ ಕೊಳಲೇ; ಗಂಗಕ್ಕನ ಮುಂದಿನ ಮಾತು ಯಾರಿಗೂ ಕೇಳಿಸಲೇ ಇಲ್ಲ. 'ಇನ್ನು ಯಾರೂ ಕಾದು ಕೂರಬೇಕಿಲ್ಲ' ಎಂದು ಜಂಬ ಕೊಚ್ಚಿದ್ದ ಮಹಾರಾಯ ನಾನು ಆಗ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದೆ.

ಕಿರವತ್ತಿಯಲ್ಲಿ ಬಸ್ಸು ನಿಂತಾಗ ಬಿಸಿ ಮಿರ್ಚಿ ಭಜಿ ತಿಂದೆ. ಅಲ್ಲಿಂದ ಮುಂದೆ ದಟ್ಟ ಮಂಜು. ಯಲ್ಲಾಪುರದಲ್ಲಿಳಿದು ನಂದೊಳ್ಳಿಯ ಟೆಂಪೋ ಹತ್ತಿ ಗಂಗಕ್ಕನ ಮನೆ ಕೇಳಿದೆ. ರೇಡಿಯೋದವನು ಎಂದು ಗೊತ್ತಾದದ್ದೇ ತಡ, ಚಾಲಕ ಹನೀಫ್ ಸಾಬರು ಗಾಡಿ ಚಾಲೂ ಮಾಡುವುದನ್ನೇ ಬಿಟ್ಟರು.

"ಸಾಹೇಬ್ರೆ, ಆ ಮಗು ಉಳೀತೋ ಇಲ್ವೋ? ಮೊದ್ಲು ಅದನ್ನ ಹೇಳಿ."

"ಉಳೀತ್ರೀ," ಎಂದೆ. "ಅಲ್ಲಾ, ಅಷ್ಟು ಹೇಳೋದಕ್ಕೆ ನಿಮ್ಗೆ ಒಂದು ತಿಂಗಳು ಬೇಕಾಯ್ತಾ?" ಎಂದು ಸಾಬರು ಬೈದರು. ಬೈದುಕೊಂಡೇ ಗಂಗಕ್ಕನ ಮನೆ ಮುಂದೆ ಇಳಿಸಿದರು.

"ಆಸರಿಗೆ ಎಂತ ಬೇಕು?" ಎಂದು ಬಾಯಾರಿಕೆ ವಿಚಾರಿಸಿ ಗಂಗಕ್ಕ ಬೆಲ್ಲ, ನೀರು ತಂದಿಟ್ಟರು. ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ನನಗೆ ಹಗುರಾಗುತ್ತಿತ್ತು.

"ಪಕ್ಕದ ಮನೆ ಸಾವಿತ್ರಿಗೆ ಎಂಟು ತಿಂಗಳು. ಚೊಚ್ಚಲ, ಹೆದರಿಕೆ. ದಿನಾ ಬಂದು ಕೂರ್ತಿತ್ತು. ರೇಡಿಯೋ ಕೇಳಿ, ಎನ್ನ ಕೈಯಲ್ಲಿ ಮಗು ಹೋತು ಹೇಳಿ ಊರೆಲ್ಲ ಮಾತಾದ ಮೇಲೆ ಅದರ ಅತ್ತೆ ಕಳಸೂದೇ ಇಲ್ಲೆ. ಆನು ಹೇಳಿದ್ರೆ ಯಾರೂ ನಂಬೂದಿಲ್ಲೆ."

ಲ್ಯಾಪ್‌ಟಾಪು ತೆರೆದು ಪೂರ್ತಿ ಧ್ವನಿಮುದ್ರಣ ಕೇಳಿಸಿದೆ. 'ಮಗು ಅಳಲಿಲ್ಲ' ಎಂಬಲ್ಲಿ ಮಾತು ನಿಂತಿತು. ಗಂಗಕ್ಕನ ಅಂಗೈ ಮಡಿಲಲ್ಲಿ ಮೆಲ್ಲಗೆ ಉಜ್ಜತೊಡಗಿತು, ಅಲ್ಲೊಂದು ಪುಟ್ಟ ಬೆನ್ನು ಇದೆಯೆಂಬಂತೆ. ಪರದೆಯ ಮೇಲೆ ಇಪ್ಪತ್ತಮೂರು ಸೆಕೆಂಡು ಕಳೆದವು. "ಅತ್ತೇಬಿಡ್ತು ಕೂಸು!" ಎಂದಿತು ಸ್ಪೀಕರು. ನನಗೆ ಕಣ್ಣು ತುಂಬಿ ಬಂತು, ನಾಚಿಕೆಯೂ ಆಯಿತು.

"ಸಾವಿತ್ರಿಯ ಅತ್ತೀನ್ನ ಕರೀರಿ, ಈಗಲೇ ಕೇಳಸೋಣ," ಎಂದೆ.

"ಬೇಡ. ತಪ್ಪನ್ನ ಊರೆಲ್ಲ ಕೇಳಿದ್ದು. ಸರಿಯಾದ್ದನ್ನೂ ಊರೆಲ್ಲ ಕೇಳಲಿ."

"ಹಂಗಾದ್ರ ಆ ಸುಮ್ಮನಿದ್ದದ್ದನ್ನ ಐದು ಸೆಕೆಂಡಿಗೆ ಕತ್ತರಿಸತೀನ್ರಿ ಅಕ್ಕಾರ. ಯಾರಿಗೂ ಗೊತ್ತಾಗೂದಿಲ್ಲ."

ಅವರು ನನ್ನನ್ನೇ ನೋಡಿದರು. "ಅಷ್ಟೊತ್ತೂ ಕೂಸು ಸುಮ್ನೇ ಇತ್ತು ತಮ್ಮಾ. ಅದರ ಕಡಿಮೆ ಮಾಡಲೆ ಬತ್ತಾ?"

ಊಟ ಮಾಡಿಸಿಯೇ ಕಳಿಸಿದರು: ಅನ್ನ, ತಂಬುಳಿ, ಕರಿದ ಹಪ್ಪಳ. ಹೊರಡುವಾಗ ಬೇಲಿಯಾಚೆ ಬಟ್ಟೆ ಒಣಗಿಸುತ್ತಿದ್ದ ಸಾವಿತ್ರಿ ಒಮ್ಮೆ ಇತ್ತ ನೋಡಿ ತಟ್ಟನೆ ಒಳಗೆ ಹೋದಳು. ಗಂಗಕ್ಕ ಚೀಲದ ತುಂಬ ಬಾಳೆಕಾಯಿ ಹಾಕಿಕೊಟ್ಟರು.

ಗುರುವಾರ ಬೆಳಿಗ್ಗೆ ಮರುಪ್ರಸಾರ. ಕಾವಲನ್ನು ಕಿತ್ತುಹಾಕಿ ಯಂತ್ರದ ಮುಂದೆ ನಾನೇ ಕೂತೆ. ಮೌನ ಬಂತು. ಹನ್ನೆರಡನೆಯ ಸೆಕೆಂಡಿಗೆ ಸಹೋದ್ಯೋಗಿಯೊಬ್ಬರು ಗಾಬರಿಯಿಂದ ಓಡಿಬಂದರು. ಕೈ ಎತ್ತಿ ತಡೆದೆ. ಅವರೂ ಉಸಿರು ಹಿಡಿದು ನಿಂತರು. ಕೊನೆಗೂ ಕೂಸು ಅತ್ತಿತು.

ಕಾಲು ಗಂಟೆ ಬಿಟ್ಟು ನಂದೊಳ್ಳಿಗೆ ಫೋನು ಮಾಡಿದೆ.

"ಕೇಳಿತೇನ್ರಿ, ಅಕ್ಕಾರ?"

"ಕೇಳ್ತು ತಮ್ಮಾ. ಈಗ ಪುರಸೊತ್ತಿಲ್ಲೆ, ಆಮೇಲೆ ಮಾತಾಡ್ತೆ. ಸಾವಿತ್ರಿ ಬಂದು ಕೂತಿದ್ದು," ಎಂದು ಗಂಗಕ್ಕ ಫೋನಿಟ್ಟರು.