ಲಾಜಿಕ್ ಮೇಷ್ಟ್ರು ಬರೆಸಿದ ಮದುವೆ ಕಾರ್ಡು

ನಮ್ಮ ಕೆ.ಆರ್. ಪೇಟೆಯಲ್ಲಿ ಪರಿಚಯದವರ ಮನೆ ಮದುವೆ ಕಾರ್ಡು ಅಚ್ಚಿಗೆ ಹೋಗುವ ಮುಂಚೆ ನನ್ನ ಕೈಗೆ ಬರುತ್ತದೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳು, ಆದ್ದರಿಂದ ಊರಿನ ತಪ್ಪೆಲ್ಲ ತಿದ್ದುವುದು ನನ್ನ ಕರ್ಮ ಎಂದು ಜನ ತೀರ್ಮಾನಿಸಿಬಿಟ್ಟಿದ್ದಾರೆ. ಸುಖಾಗಮನ ಬಯಸುವವರ ಪಟ್ಟಿಯಲ್ಲಿ ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಹೋಯಿತೆಂದು ನನ್ನ ಎದುರೇ ಜುಟ್ಟು ಹಿಡಿದುಕೊಂಡವರಿದ್ದಾರೆ. ಬೈದು ಕಳಿಸಿದ್ದೇನೆ. ಆದರೆ ಒಂದು ಕಾರ್ಡನ್ನು ತಿದ್ದಿದ್ದಕ್ಕೆ ಇವತ್ತಿಗೂ ನನ್ನನ್ನೇ ಬೈದುಕೊಳ್ಳುತ್ತೇನೆ. ಅದು ರಂಗಸ್ವಾಮಿ ಮೇಷ್ಟ್ರ ಮಗಳು ಸ್ನೇಹಳ ಮದುವೆ ಕಾರ್ಡು.

ರಂಗಸ್ವಾಮಿ ಅಕ್ಕಿಹೆಬ್ಬಾಳಿನ ಪಕ್ಕದ ಹಳ್ಳಿಯವರು. ಹೇಮಾವತಿ ಹೊಳೆಯ ದಂಡೆಯಲ್ಲಿ ಅಪ್ಪ ಬತ್ತ ಬೆಳೆಯುತ್ತಿದ್ದರೆ ಮಗ ಮೈಸೂರಿಗೆ ಹೋಗಿ ಪಾಶ್ಚಾತ್ಯ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿಕೊಂಡು ಬಂದ. 'ಅದ್ರಿಂದ ಏನ್ಲಾ ಬೆಳೀಬೋದು?' ಎಂದು ಊರವರು ಕೇಳಿದರಂತೆ. ಏನೂ ಬೆಳೆಯಲಿಲ್ಲ. ನಮ್ಮ ಪಿಯು ಕಾಲೇಜಿನಲ್ಲಿ ತರ್ಕಶಾಸ್ತ್ರದ ಉಪನ್ಯಾಸಕರಾದರು, ಅಷ್ಟೆ. ಹುಡುಗರು 'ಲಾಜಿಕ್ ಮೇಷ್ಟ್ರು' ಎಂದರು, ಊರೂ ಹಾಗೇ ಕರೆಯಿತು.

ಅವರ ಪಾಠ ನನ್ನ ತರಗತಿಗೆ ಗೋಡೆ ದಾಟಿ ಕೇಳಿಸುತ್ತಿತ್ತು. ಪ್ರತಿ ಜೂನ್ ತಿಂಗಳೂ ಅದೇ ಪಾಠ. ಗ್ರೀಕರು ಎರಡು ಸಾವಿರ ವರ್ಷಕ್ಕೂ ಹಿಂದೆ ಹಾಕಿದ ತಳಪಾಯ ಎಂದು ಶುರುಮಾಡುವರು. ಎಮ್ಮೆ ಎಮ್ಮೆಯೇ. ಎಮ್ಮೆ ಏಕಕಾಲದಲ್ಲಿ ಎಮ್ಮೆಯೂ ಆಗಿ ಎಮ್ಮೆ ಅಲ್ಲದ್ದೂ ಆಗಲಾರದು. ಒಂದು ವಸ್ತು ಇದೆ, ಇಲ್ಲವೇ ಇಲ್ಲ, ಮೂರನೆಯದು ಎಂಬುದಿಲ್ಲ. ಆಮೇಲೆ, ಗ್ರೀಕರ ಕಾಲಕ್ಕಿಂತ ಬಹಳ ಈಚೆಗೆ ಯುರೋಪಿನವರು ಸೇರಿಸಿದ ನಾಲ್ಕನೆಯ ಮಾತು: ತಕ್ಕ ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ, ತಕ್ಕ ಆಧಾರವಿಲ್ಲದೆ ಯಾವುದನ್ನೂ ನಿಜ ಎನ್ನಬಾರದು.

ಒಂದು ಸಲ 'ಶೀಳನೆರೆ ಬಸ್ಸು ಬಂದಿದೆ, ಇಲ್ಲವೇ ಬಂದಿಲ್ಲ, ಎರಡರಲ್ಲಿ ಒಂದು ನಿಜವಾಗಲೇಬೇಕು' ಎಂದರು. ಹಿಂದಿನ ಬೆಂಚಿನಿಂದ ಒಬ್ಬ, 'ಬತ್ತದೆ ಸಾ, ಆದ್ರೆ ನಿಲ್ಸಕಿಲ್ಲ' ಎಂದ. ನನ್ನ ತರಗತಿಯೂ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರೇ. ಆಗ ಅವರಿಗೆ ನಗು ಬರುತ್ತಿತ್ತು.

ಅವರ ಹೆಂಡತಿ ಪುಟ್ಟತಾಯಮ್ಮ ಏಳನೇ ಕ್ಲಾಸು ಓದಿದವಳು. ಗಂಡನ ತರ್ಕ ಅವಳ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. 'ಇವ್ರಿಗೆ ಉಪ್ಪು ಕಮ್ಮಿ ಅನ್ನಕ್ಕೂ ಆಧಾರ ಬೇಕು ಕಣಿ ಮೇಡಂ' ಎಂದು ನನ್ನ ಹತ್ತಿರ ಗಂಡನನ್ನು ಆಡಿಕೊಳ್ಳುತ್ತಿದ್ದಳು. ಮಗಳು ಸ್ನೇಹ, ಅವಳಿಗಿಂತ ಐದು ವರ್ಷ ಚಿಕ್ಕವನು ಮಗ ಚಿನ್ನು. ನಾಲ್ಕು ಜನರ ಸಂಸಾರ, ನೋಡಿದರೆ ಹೊಟ್ಟೆಕಿಚ್ಚಾಗಬೇಕು, ಹಾಗಿತ್ತು.

2015ರ ಬೇಸಗೆಯಲ್ಲಿ ಊರಿಗೆ ಹೋದಾಗ ಚಿನ್ನು ಹೊಳೆಯಲ್ಲಿ ಮುಳುಗಿ ಹೋದ. ಒಂಬತ್ತು ವರ್ಷದ ಹುಡುಗ. ಬಟ್ಟೆ ಒಗೆಯುವ ಮೆಟ್ಟಿಲಿನ ಒಂದು ಕಲ್ಲು ಸಡಿಲವಾಗಿತ್ತು.

ಹನ್ನೊಂದನೆಯ ದಿನ ಜಗುಲಿಯ ಮೇಲೆ ನೆಂಟರೆಲ್ಲ ಕೂತು ಹಣೆಬರಹ, ದೇವರ ಇಚ್ಛೆ ಎಂದು ಒಬ್ಬರಾದ ಮೇಲೆ ಒಬ್ಬರು ಹೇಳುತ್ತಿದ್ದರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. 'ಕಾರಣ ಇಲ್ದೆ ಯಾವ್ದೂ ಆಗಕಿಲ್ಲ. ನನ್ನ ಮಗ ಸತ್ತಿದ್ದಕ್ಕೂ ಕಾರಣ ಐತೆ. ಅದು ಏನು ಅಂತ ನಾನು ತಿಳ್ಕೊಂಡೇ ತಿಳ್ಕೋತೀನಿ' ಎಂದು ಕೂಗಿದರು. ಅವರ ತಲೆಯಲ್ಲಿದ್ದದ್ದು ಆ ಕಲ್ಲು. ಅದನ್ನು ಸರಿಮಾಡಿಸದ ಪಂಚಾಯಿತಿಯ ಮೇಲೆ ಅರ್ಜಿ ಬರೆಯುವವರಿದ್ದರು, ಬರೆದರು ಕೂಡ. ನಾನು ಅಲ್ಲೇ ಕೂತಿದ್ದೆ. ಒಳಗೆ ಪುಟ್ಟತಾಯಮ್ಮ ಆ ಮಾತನ್ನು ಹೇಗೆ ಕೇಳಿಸಿಕೊಂಡಳು ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ಆಮೇಲೆ ಅವಳು ಮಾತು ಕಡಿಮೆ ಮಾಡಿದಳು. ಮಗನನ್ನು ಕಳೆದುಕೊಂಡವಳು ಇನ್ನೇನು ಮಾಡುತ್ತಾಳೆ ಎಂದುಕೊಂಡೆವು. ಸುಮಾರು ಎರಡು ವರ್ಷದ ನಂತರ ಒಂದು ಬೆಳಿಗ್ಗೆ ಮುದ್ದೆಗೆ ಹಿಟ್ಟು ಬೀಸಿಸಿಕೊಂಡು ಬರುತ್ತೇನೆಂದು ಹೋದವಳು ಬರಲಿಲ್ಲ. ರಾಗಿ ಚೀಲ ಗಿರಣಿಯಲ್ಲೇ ಇತ್ತು.

ಮೇಷ್ಟ್ರು ಪೊಲೀಸ್ ಕಂಪ್ಲೇಂಟು ಕೊಟ್ಟರು. ಹೊಳೆಯಲ್ಲಿ ಹುಡುಕಿಸಿದರು, ಛತ್ರ, ಆಸ್ಪತ್ರೆ ಎಲ್ಲ ತಿರುಗಿದರು. ಊರು ತನ್ನ ಕೆಲಸ ಮಾಡಿತು. ಅರ್ಧ ಜನ ಹೊಳೆಗೆ ಬಿದ್ದಳೆಂದರು, ಇನ್ನರ್ಧ ಯಾರ ಜೊತೆಗೋ ಓಡಿಹೋದಳೆಂದರು. ಮೇಷ್ಟ್ರನ್ನು ಕೇಳಿದರೆ ಒಂದೇ ಉತ್ತರ, 'ಗೊತ್ತಿಲ್ಲ.' ಆಧಾರವಿಲ್ಲದೆ ಒಂದು ಮಾತನ್ನೂ ಸೇರಿಸದ ಆ ಮನುಷ್ಯನ ಮೇಲೆ ನನಗೆ ಆಗ ಸಿಟ್ಟೇ ಬರುತ್ತಿತ್ತು. ಏಳು ವರ್ಷ ಅದೇ ಗೊತ್ತಿಲ್ಲದಲ್ಲಿ ಮಗಳಿಗೆ ಜಡೆ ಹಾಕಿದರು, ಡಿಗ್ರಿ ಓದಿಸಿದರು.

2024ರಲ್ಲಿ ಸ್ನೇಹಳಿಗೆ ಒಂದು ಸಂಬಂಧ ಬಂತು. ಹುಡುಗನಿಗೆ ಪಾಂಡವಪುರದಲ್ಲಿ ಗೊಬ್ಬರದ ಅಂಗಡಿ. ಇಬ್ಬರೂ ಒಪ್ಪಿದ್ದರು. ಒಪ್ಪಿದ್ದರು ಎಂಬುದಕ್ಕಿಂತ ಹೆಚ್ಚಾಗಿ, ಸ್ನೇಹ ಒಂಬತ್ತು ವರ್ಷದಲ್ಲಿ ಮೊದಲ ಸಲ ಹಾಡು ಗುನುಗುತ್ತಿದ್ದಳು. ಹುಡುಗನ ತಂದೆ ಚಿಕ್ಕಸ್ವಾಮಿ ಕೆಟ್ಟವನಲ್ಲ, ಆದರೆ ಜನರ ಬಾಯಿಗೆ ಹೆದರುವವನು. ನೇರವಾಗಿ ಹೇಳಿದ: 'ತಾಯಿ ತೀರ್ಕೊಂಡವ್ರೆ ಅಂದ್ರೆ ಸರಿ, ಆ ಮೊಗಾನ ನಮ್ಮ ಮಗಳಂಗೆ ನೋಡ್ಕೋತೀವಿ. ಓಡೋದೋಳ ಮಗ್ಳು ಅಂದ್ರೆ ನಮ್ಮ ಕಡೆ ಬುಡಕಿಲ್ಲ. ಮೇಷ್ಟ್ರೇ, ನೀವೇ ಹೇಳಿ, ಅವ್ರು ಬದ್ಕವ್ರಾ, ಇಲ್ವಾ?'

ಮೇಷ್ಟ್ರು 'ಗೊತ್ತಿಲ್ಲ' ಎಂದರು. ಸಂಬಂಧ ಅಲ್ಲಿಗೇ ನಿಂತಿತು.

ಮೇಷ್ಟ್ರ ಅಣ್ಣ ದಾಸಯ್ಯ ಬಿಡಲಿಲ್ಲ. ಊರ ಮಾರಮ್ಮನ ಹತ್ತಿರ ಹೂ ಕೇಳೋಣ ಎಂದ. ನಮ್ಮ ಕಡೆ ಇದು ಇರುವ ಪದ್ಧತಿ. ದೇವರ ಮೈಗೆ ಹೂ ಇಟ್ಟು ಪ್ರಶ್ನೆ ಹೇಳಿಕೊಂಡು ಕೂರುತ್ತಾರೆ, ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಪುಟ್ಟತಾಯಮ್ಮ ಬದುಕಿದ್ದಾಳೆಯೇ ಎಂಬುದು ಪ್ರಶ್ನೆ. ಮೇಷ್ಟ್ರು ಜೀವಮಾನದಲ್ಲಿ ಹೂ ಕೇಳಿದವರಲ್ಲ. ಮಗಳಿಗಾಗಿ ಬಂದು ಕಂಬಕ್ಕೊರಗಿ ಕೂತರು. ಚಿಕ್ಕಸ್ವಾಮಿಯೂ ಬಂದಿದ್ದ.

ಬೆಳಿಗ್ಗೆ ಎಂಟಕ್ಕೆ ಕೂತೆವು. ಒಂಬತ್ತಾಯಿತು, ಹತ್ತಾಯಿತು. ಪೂಜಾರಿ ಕರಿಯಯ್ಯ ಮೂರು ಸಲ ಮಂಗಳಾರತಿ ಎತ್ತಿದ, 'ತಾಯಿ, ಮನೆ ಮಕ್ಳು ಕೇಳ್ತಾವ್ರೆ, ಅಪ್ಪಣೆ ಕೊಡವ್ವ' ಎಂದು ಗದರಿದ, ಬೇಡಿದ. ಹೂ ಅಲ್ಲಾಡಲಿಲ್ಲ. ಹನ್ನೆರಡರ ಹೊತ್ತಿಗೆ ಅದು ಅಲ್ಲೇ ಬಾಡಿತು.

ಕರಿಯಯ್ಯ ಹೊರಗೆ ಬಂದು ಬೆವರು ಒರೆಸಿಕೊಂಡ. 'ಅಮ್ಮ ಬಾಯ್ಬುಡ್ತಾ ಇಲ್ಲ. ಇನ್ನು ಕಟ್ಕೊಂಡ ಗಂಡ ಏನಂತಾನೋ ಅದೇ ಮಾತು' ಎಂದ. ಎಲ್ಲರೂ ಮೇಷ್ಟ್ರ ಕಡೆ ತಿರುಗಿದರು. ನಾನೂ ತಿರುಗಿದೆ. ಅವರು ಗರ್ಭಗುಡಿಯ ಕಡೆ ನೋಡಿದರು, ಚಿಕ್ಕಸ್ವಾಮಿಯ ಕಡೆ ನೋಡಿದರು.

'ಇಲ್ಲ. ತೀರ್ಕೊಂಡವ್ಳೆ' ಎಂದರು.

ಜೀವನದಲ್ಲಿ ಆಧಾರವಿಲ್ಲದೆ ಅವರು ಆಡಿದ ಮೊದಲ ಮಾತು ಅದು. ಎಲ್ಲರಿಗೂ ಉಸಿರು ಬಂದಂತಾಯಿತು, ನನಗೂ.

ಮುಂದಿನದೆಲ್ಲ ಬೇಗ ನಡೆಯಿತು. ಶವ ಸಿಗದವರಿಗೆ ಮಾಡುವಂತೆ ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಮೇಲೆ ದರ್ಭೆಹುಲ್ಲಿನ ಗೊಂಬೆ ಕಟ್ಟಿ ಸುಟ್ಟು ಬೂದಿ ಬಿಟ್ಟರು. ಮೇಷ್ಟ್ರು ಹಚ್ಚಿದ ಬೆಂಕಿ ಎರಡು ಸಲ ಆರಿತಂತೆ. ವರ್ಷ ಕಾಯುವುದು ಬೇಡ, ಸತ್ತು ಏಳು ವರ್ಷವಾಯಿತೆಂದೇ ಹಿಡಿಯೋಣ ಎಂದು ಹಿರಿಯರು ದಾರಿ ಮಾಡಿದರು. ಕಾರ್ಡು ನನ್ನ ಹತ್ತಿರ ಬಂತು. 'ಶ್ರೀಮತಿ ಪುಟ್ಟತಾಯಮ್ಮ' ಎಂದು ಮೇಷ್ಟ್ರು ತಾವೇ ಬರೆದು, ಅದನ್ನು ಹೊಡೆದುಹಾಕಿ, ಏನೂ ಬರೆಯದೆ ಬಿಟ್ಟಿದ್ದರು. 'ನಿಮ್ಮ ಕೈಯಲ್ಲೇ ಬರೀರಿ ಮೇಡಂ, ನನ್ನ ಕೈಲಿ ಆಗ್ತಿಲ್ಲ' ಎಂದರು. ನಾನು ಕೆಂಪು ಪೆನ್ನಿನಲ್ಲಿ 'ದಿವಂಗತ' ಎಂದು ಬರೆದೆ.

ಮದುವೆ ನಮ್ಮ ಪೇಟೆಯ ಛತ್ರದಲ್ಲೇ. ಹೆಂಡತಿ ಇಲ್ಲದವರು ಧಾರೆಗೆ ಕೂರುವ ಹಾಗಿಲ್ಲವಾದ್ದರಿಂದ ದಾಸಯ್ಯ, ಅವನ ಹೆಂಡತಿ ಕುಳ್ಳಮ್ಮ ಕೂತರು. ಮೇಷ್ಟ್ರು ಮಂಟಪದ ಪಕ್ಕದಲ್ಲಿ ನಿಂತಿದ್ದರು. ಬಾಗಿಲ ಬಳಿ ಪುಟ್ಟತಾಯಮ್ಮನ ಫೋಟೋ ಇಟ್ಟು ಹಾರ ಹಾಕಿ ದೀಪ ಹಚ್ಚಿದ್ದರು. ಬಂದವರಿಗೆ ಪನ್ನೀರು ಚಿಮುಕಿಸುತ್ತ ನಾನು ಅದರ ಪಕ್ಕದಲ್ಲೇ ಇದ್ದೆ.

ಮುಹೂರ್ತಕ್ಕೆ ಹತ್ತು ನಿಮಿಷವಿರಬಹುದು. ಒಬ್ಬಳು ಸಣಕಲು ಹೆಂಗಸು ಬಂದು ಫೋಟೋ ಮುಂದೆ ನಿಂತಳು. ತಲೆ ಪೂರ್ತಿ ನರೆತಿತ್ತು. ನಾನು ಪನ್ನೀರು ಹಿಡಿದೆ. ಅವಳು ತಿರುಗಿದಳು. ಪನ್ನೀರುದಾನಿ ನನ್ನ ಕೈಯಿಂದ ಬಿತ್ತು.

'ಕೂಗ್ಬೇಡಿ ಮೇಡಂ' ಎಂದಳು ಪುಟ್ಟತಾಯಮ್ಮ. ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದು ಕಂಬದ ಮರೆಗೆ ಎಳೆದಳು.

ನನಗೆ ಮೊದಲು ಬಂದದ್ದು ಸಿಟ್ಟು. 'ಎಲ್ಲಿ ಸತ್ತಿದ್ದೆ ಇಷ್ಟು ವರ್ಷ?' ಎಂದುಬಿಟ್ಟೆ. ಆ ಮಾತು ಆಡಬಾರದಿತ್ತು.

'ನಾಗಮಂಗಲದ ಕಡೆ ಅಡ್ಗೆ ಕೆಲ್ಸ ಮಾಡ್ಕೊಂಡಿವ್ನಿ. ಎಲ್ಲಿ ಅಂತ ಕೇಳ್ಬೇಡಿ. ನಮ್ಮ ಕಡೇರು ಒಬ್ರು ಅಲ್ಲಿಗೆ ಕಾರ್ಡ್ ಕೊಡಕ್ಕೆ ಬಂದಿದ್ರು, ನನ್ನ ಗುರ್ತು ಸಿಗ್ಲಿಲ್ಲ ಅವ್ರಿಗೆ. ಓದ್ದೆ. ಮೊಗಿನ್ ಮದ್ವೆ, ಒಂದ್ ಗಳಿಗೆ ನೋಡ್ಕೊಂಡು ಒಂಟೋಯ್ತೀನಿ.'

'ಯಾಕೆ ಹೋದೆ ಪುಟ್ಟತಾಯಿ?'

ಅವಳು ಮಗಳನ್ನೇ ನೋಡುತ್ತ ಹೇಳಿದಳು. 'ಅವತ್ತು ಮೆಟ್ಲ ಮೇಲೆ ಸೋಪಿನ ಡಬ್ಬಿ ಮರ್ತು ಬಂದಿದ್ದೆ. ಓಗಿ ತತ್ತಾ ಅಂತ ಚಿನ್ನೂನ ನಾನೇ ಕಳ್ಸಿದ್ದು. ಯಾರ್ಗೂ ಹೇಳಿರ್ಲಿಲ್ಲ. ಕಾರಣ ತಿಳ್ಕೊಂಡೇ ತಿಳ್ಕೋತೀನಿ ಅಂದ್ರಲ್ಲ ಇವ್ರು, ದಿನಾ ಕಾಯ್ತಿದ್ದೆ, ಇವತ್ತು ಕೇಳ್ತಾರೆ, ನಾಳೆ ಕೇಳ್ತಾರೆ ಅಂತ. ಕೇಳ್ಲೇ ಇಲ್ಲ. ಗೊತ್ತಿದ್ದೂ ಸುಮ್ನವ್ರೆ ಅಂದ್ಕೊಂಡೆ. ಅವ್ರ ಮುಂದೆ ತಟ್ಟೆ ಇಕ್ಕಕ್ಕೆ ಆಗ್ದೆ ಓಯ್ತು.'

ಅವರಿಗೆ ಗೊತ್ತೇ ಇರಲಿಲ್ಲ, ಅವರು ಹೇಳಿದ್ದು ಕಲ್ಲಿನ ವಿಷಯ ಎಂದೆ. 'ಕಲ್ಲಾ?' ಎಂದಳು ನನ್ನ ಕಡೆ ತಿರುಗಿ. ಅಷ್ಟರಲ್ಲಿ ಗಟ್ಟಿಮೇಳ ಎಂದು ಪುರೋಹಿತರು ಕೂಗಿದರು, ಎಲ್ಲರೂ ಎದ್ದು ನಿಂತರು. ಆ ಎದ್ದ ಜನರ ತಲೆಗಳ ನಡುವಿನಿಂದ ಮೇಷ್ಟ್ರು ಬಾಗಿಲ ಕಡೆ ನೋಡಿದರು. ಹೆಂಡತಿಯನ್ನು ಕಂಡರು.

ಎರಡು ಹೆಜ್ಜೆ ಮುಂದೆ ಬಂದರು. ಅವರ ಬಾಯಿ ತೆರೆದದ್ದು ನನಗೆ ಕಾಣಿಸಿತು. ಪುಟ್ಟತಾಯಮ್ಮ ತಲೆಯನ್ನು ಅಡ್ಡಡ್ಡ ಆಡಿಸಿದಳು, ಬೇಡ ಎಂದು. ಚಿಕ್ಕಸ್ವಾಮಿ ಮಂಟಪದಲ್ಲೇ ನಿಂತಿದ್ದ, ಹುಡುಗನ ಕೈಯಲ್ಲಿ ತಾಳಿ ಇತ್ತು. ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ಬದುಕಿ ಎದುರಿಗೆ ನಿಂತಿದ್ದ ಹೆಂಡತಿಗೆ ಬೆನ್ನು ತಿರುಗಿಸಿ ಮಗಳ ತಲೆಯ ಮೇಲೆ ಅಕ್ಷತೆ ಹಾಕಿದರು.

ಪುಟ್ಟತಾಯಮ್ಮ ನಿಂತಲ್ಲಿಂದಲೇ ಒಂದು ಹಿಡಿ ಅಕ್ಷತೆ ಎಸೆದಳು. ಅಷ್ಟು ದೂರ ಹೋಗುವುದುಂಟೇ, ಮುಂದಿನ ಕುರ್ಚಿಗಳ ಮೇಲೆ ಬಿತ್ತು. ನಾನು ಹಿಡಿದುಕೊಳ್ಳುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ತಾಳಿ ಕಟ್ಟಿ ಮುಗಿದ ಮೇಲೆ ಮೇಷ್ಟ್ರು ಚಪ್ಪಲಿಯಿಲ್ಲದೆ ಬಸ್ ಸ್ಟ್ಯಾಂಡಿಗೆ ಓಡಿದರು. ನಾಗಮಂಗಲದ ಬಸ್ಸು ಹೋಗಿ ಐದು ನಿಮಿಷವಾಗಿತ್ತು.

ಸೋಪಿನ ಡಬ್ಬಿಯ ವಿಷಯ ನಾನು ಮೂರನೆಯ ದಿನ ಅವರಿಗೆ ಹೇಳಿದೆ. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಮೇಜಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತರು. 'ಒಂದ್ ಕಲ್ಲಿಗೆ ಅಂದ ಮಾತು ಮೇಡಂ' ಎಂದು ಅದನ್ನೇ ಮತ್ತೆ ಮತ್ತೆ ಹೇಳಿದರು.

ಅಂದಿನಿಂದ ಭಾನುವಾರಗಳಲ್ಲಿ ನಾಗಮಂಗಲದ ಬಸ್ಸು ಹತ್ತುತ್ತಾರೆ. ಹಾಸ್ಟೆಲು, ಛತ್ರ, ಹೋಟೆಲುಗಳ ಹಿತ್ತಲಿನಲ್ಲಿ ನಿಂತು ಅಡುಗೆಯವರನ್ನು ನೋಡಿ ಬರುತ್ತಾರೆ. ಪೊಲೀಸರ ಹತ್ತಿರ ಹೋಗುವ ಹಾಗಿಲ್ಲ, ತಾವೇ ಸುಟ್ಟವಳನ್ನು ಹುಡುಕಿಕೊಡಿ ಎನ್ನುವುದು ಹೇಗೆ? ಒಬ್ಬಿಬ್ಬರ ಕಿವಿಗೆ ಬಿದ್ದರೂ ಪಾಂಡವಪುರಕ್ಕೆ ಮುಟ್ಟುತ್ತದೆ. ಸ್ನೇಹಳಿಗೂ ಹೇಳಿಲ್ಲ. ದಾಸಯ್ಯ ಬಂದು ಕೂತಾಗ ವರ್ಷದ ಎಡೆಯನ್ನೂ ಇಟ್ಟರು. ಬದುಕಿರುವವಳ ಫೋಟೋ ಮುಂದೆ ಎಲೆ ಹಾಕಿ ಬಡಿಸುವುದನ್ನು ನಾನು ನೋಡಲಾರದೆ ಎದ್ದು ಬಂದೆ.

ಮೊನ್ನೆ ಸ್ನೇಹ ಬಸುರಿ ಬಯಕೆಗೆಂದು ತವರಿಗೆ ಬಂದಿದ್ದಳು. ನಾನೂ ಹೋಗಿದ್ದೆ. ಅವಳು ಅಪ್ಪನ ಕೈಯನ್ನು ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಕಣ್ಣು ಹೊಳೆಯುತ್ತಿತ್ತು.

'ಅಪ್ಪ, ನಮ್ಮತ್ತೆ ಹೇಳ್ತಾ ಇದ್ರು, ಅವ್ವನೇ ನನ್ನ ಹೊಟ್ಟೇಲಿ ಹುಟ್ಟಿ ಬತ್ತಾಳಂತೆ. ನೀನು ಇಂಥದ್ನೆಲ್ಲ ನಂಬಕಿಲ್ಲ, ಗೊತ್ತು. ಆದ್ರೂ ಹೇಳಪ್ಪ, ಬತ್ತಾಳೆ ಅಲ್ವಾ?'

ನಾನು ಕಿಟಕಿಯ ಕಡೆ ಮುಖ ಮಾಡಿದೆ. ಮೇಷ್ಟ್ರು ಮಗಳ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ.

'ಊಂ ಕಣವ್ವ' ಎಂದರು. 'ಸತ್ತೋಳು ಇನ್ನೆಲ್ಲಿಗೆ ಓಯ್ತಾಳೆ? ನಿನ್ನ ತಾವೇ ಬತ್ತಾಳೆ.'