ರತ್ನಮ್ಮನ ಹಾಲು ಕರೆಯುವ ಸೀರೆ

ಇವತ್ತು ಬೆಳಿಗ್ಗೆ ಹಾಲು ಹಾಕಲು ಡೈರಿಗೆ ಹೋದಾಗ ಬಾಗಿಲ ಮುಂದಿನ ಸಿಮೆಂಟಿನ ಮೇಲೆ ಆ ಬಿಳಿ ವೃತ್ತಗಳು ಮತ್ತೆ ಕಣ್ಣಿಗೆ ಬಿದ್ದವು. ಕೊರೊನಾ ಕಾಲದಲ್ಲಿ ಒಬ್ಬೊಬ್ಬರು ಒಂದೊಂದರೊಳಗೆ ನಿಲ್ಲಲಿ ಎಂದು ಬಳಿದದ್ದು. ಬಣ್ಣ ಮುಕ್ಕಾಲು ಅಳಿಸಿಹೋಗಿದೆ. ಈಗ ಅದರ ಮೇಲೆಯೇ ನಾವೆಲ್ಲ ಒಬ್ಬರನ್ನೊಬ್ಬರು ತಳ್ಳಿಕೊಂಡು ನಿಲ್ಲುತ್ತೇವೆ. ನೋಡಿದರೆ ನಗು ಬರಬೇಕು, ನನಗೆ ಸಿಟ್ಟು ಬರುತ್ತದೆ. ಸಿಟ್ಟು ಇವಳ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಯಜಮಾನರು ಹೇಳುತ್ತಾರೆ. ಇರಲಿ, ಮೂಗು ನನ್ನದು ತಾನೆ.

ನಮ್ಮದು ಮಧುರೆ ಹೋಬಳಿಯ ಒಂದು ಹಳ್ಳಿ. ತಾತನ ಕಾಲದಲ್ಲೇ ನಾವು ಕ್ರೈಸ್ತರಾದೆವು. ದೇವರು ಬದಲಾದರೂ ಊರಿನವರ ಲೆಕ್ಕದಲ್ಲಿ ನಮ್ಮ ಜಾತಿ ಬದಲಾಗಲಿಲ್ಲ. ಊರಂಚಿನಲ್ಲಿ ಸೈಟು ಕೊಂಡು ಮನೆ ಕಟ್ಟಿದಾಗ ಬೇಲಿಯ ಆಚೆ ಸಿಕ್ಕವಳು ರತ್ನಮ್ಮ. ಗೌಡರ ಮನೆ ಸೊಸೆ. ನಮ್ಮ ಕೇರಿಯ ಹೆಂಗಸರೆಲ್ಲ ಅವಳನ್ನು ಅಮ್ಮಾವ್ರೇ ಎನ್ನುತ್ತಿದ್ದರು, ನಾನು ರತ್ನಕ್ಕ ಎಂದೆ. ಮೊದಲ ಸಲ ಅವಳು ಮುಖ ಸಿಂಡರಿಸಿದಳು, ಆಮೇಲೆ ಒಗ್ಗಿಹೋಯಿತು. ಬೇಲಿಯ ಮೇಲಿಂದ ಕರಿಬೇವು, ನುಗ್ಗೆಕಾಯಿ, ಊರಿನ ಸುದ್ದಿ ಎಲ್ಲ ಓಡಾಡುತ್ತಿತ್ತು. ಆದರೆ ಅವಳ ಅಂಗಳ ದಾಟಿ ನಾನು ಕಾಲಿಟ್ಟವಳಲ್ಲ. ಕೊಟ್ಟಿಗೆಯಂತೂ ದೂರದ ಮಾತು. ಬಾ ಎಂದು ಅವಳು ಕರೆಯಲಿಲ್ಲ, ಕರೆಯದ ಕಡೆಗೆ ನಾನು ಹೋಗುವವಳೂ ಅಲ್ಲ.

ಅವಳ ಹತ್ತಿರ ಒಂದು ಸೀಮೆ ಹಸು ಇತ್ತು. ಗಂಡ ಮುನಿರಾಜುವಿನ ದುಡಿಮೆ ಅವನ ಬೀಡಿಗೂ ಸಾಲದು, ಹಾಗಾಗಿ ಮನೆ ನಡೆಯುತ್ತಿದ್ದದ್ದು ಆ ಹಸುವಿನ ಹಾಲಿನಿಂದ. ಅದೋ, ಮಹಾರಾಣಿ. ರತ್ನಮ್ಮ ಬಿಟ್ಟು ಬೇರೆ ಯಾರು ಹತ್ತಿರ ಕೂತರೂ ಒದೆಯುತ್ತಿತ್ತು. ಹಾಲು ಕರೆಯುವಾಗ ಅವಳು ಹಳೆಯದೊಂದು ಹಸಿರು ಸೀರೆಯನ್ನು ಮೈಗೆ ಸುತ್ತಿಕೊಳ್ಳುತ್ತಿದ್ದಳು, ಅದರ ವಾಸನೆಗೇ ಹಸು ಒಗ್ಗಿಕೊಂಡಿತ್ತು. ಅವಳು ತವರಿಗೆ ಹೋದಾಗ ಒಮ್ಮೆ ಮುನಿರಾಜು ಮೀಸೆ ಸಮೇತ ಆ ಸೀರೆ ತಲೆ ಮೇಲೆ ಹೊದ್ದು ಕೊಟ್ಟಿಗೆಗೆ ಹೋದದ್ದನ್ನು ಬೇಲಿಯಿಂದ ನೋಡಿ ನನಗೆ ನಗು ತಡೆಯಲಾಗಿರಲಿಲ್ಲ.

ಎರಡನೇ ಅಲೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಕಾಯಿಲೆ ಬಂತು. ಪಂಚಾಯಿತಿಯವರು ಗೇಟಿಗೆ ಹಗ್ಗ ಕಟ್ಟಿ ಹೋದರು. ಅದೇ ಬೀದಿಯಲ್ಲಿರುವ ರತ್ನಮ್ಮನ ವಾರಗಿತ್ತಿ ಜಯಮ್ಮ ಬಾಗಿಲು ಹಾಕಿಕೊಂಡಳು. ಅವಳೊಬ್ಬಳೇ ಅಲ್ಲ, ಇಡೀ ಬೀದಿಯೇ ಹಾಕಿಕೊಂಡಿತು. ಹಸು ಆಗತಾನೇ ಈದಿತ್ತು. ಕರೆಯುವವರಿಲ್ಲದೆ ಕೆಚ್ಚಲು ಬಿಗಿದು ಅದು ಕೂಗಲು ಶುರುಮಾಡಿತು. ಹಸು ಸಾಕಿದವರಿಗೆ ಆ ಕೂಗು ಗೊತ್ತು. ಕೆಚ್ಚಲು ಬಾವು ಬಂದು ಹಾಲು ಕೆಟ್ಟರೆ ಕಾಯಿಲೆಯಿಂದ ಎದ್ದ ಮೇಲೂ ರತ್ನಮ್ಮನಿಗೆ ಬದುಕು ಇರುವುದಿಲ್ಲ.

ನಮ್ಮ ಯಜಮಾನರು ಚರ್ಚಿನ ಸಭೆಯ ಹಿರಿಯರು, ಒಳ್ಳೆಯವರು. "ಪ್ರಾರ್ಥನೆ ಮಾಡೋಣ, ದೇವರು ನೋಡ್ಕೋತಾನೆ" ಎಂದರು.

"ಪ್ರಾರ್ಥನೆ ನೀವು ಮಾಡಿ. ಹಾಲು ಕರೆಯೋಕೆ ನನಗೆ ಬರ್ತದೆ" ಎಂದೆ.

ಮಾಸ್ಕು ಹಾಕಿಕೊಂಡು ಹಗ್ಗದ ಕೆಳಗೆ ನುಸುಳಿದೆ. ಹಸು ಮೊದಲ ಒದೆಗೇ ಬಕೆಟ್ಟನ್ನು ಮೂಲೆಗೆ ಕಳಿಸಿತು, ಎರಡನೆಯದು ನನ್ನ ಮೊಣಕಾಲಿಗೆ. ಕಿಟಕಿಯ ಹಿಂದಿನಿಂದ ರತ್ನಮ್ಮನ ಒಡಕು ದನಿ ಕೇಳಿತು.

"ನನ್ ಸೀರೆ ಸುತ್ಕಂಡ್ರೆ ಬಿಡ್ತದೆ. ಆದ್ರೆ ಬ್ಯಾಡ ಕಣೆ. ಜ್ವರ ಬಂದಾಗ್ಲೂ ಅದನ್ನೇ ಹೊದ್ಕಂಡಿದ್ದೆ. ನಿನಗೂ ಮಕ್ಳಿದಾರೆ, ಹೋಗು."

ಸೀರೆ ಕೊಟ್ಟಿಗೆಯ ಮೊಳೆಗೆ ನೇತಾಡುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೆ ಭಯವಾಯಿತು. ಭಾನುವಾರ ಭಾನುವಾರ ನೆರೆಯವರನ್ನು ಪ್ರೀತಿಸಬೇಕೆಂದು ಕೇಳಿ ತಲೆಯಾಡಿಸುವುದು ಸುಲಭ, ಆ ನೆರೆಯವಳ ಜ್ವರ ಕುಡಿದ ಸೀರೆಯನ್ನು ಮೈಗೆ ಸುತ್ತಿಕೊಳ್ಳುವುದು ಬೇರೆ. ಆದರೆ ಹಸು ಮತ್ತೆ ಕೂಗಿತು. ಸೀರೆ ಎಳೆದು ಸುತ್ತಿಕೊಂಡೆ. ಹಸು ಒಮ್ಮೆ ಮೂಸಿ ನೋಡಿ ಸುಮ್ಮನೆ ನಿಂತುಕೊಂಡಿತು. ಹಾಲು ಇಳಿಯುವ ಸದ್ದು ಕೇಳಿ ಕಿಟಕಿಯ ಹಿಂದೆ ರತ್ನಮ್ಮ ಅತ್ತಳು. ಈಚೆ ನಾನೂ ಅತ್ತೆ. ಮಾಸ್ಕು ಒದ್ದೆಯಾದರೆ ಉಸಿರಾಡುವುದು ಕಷ್ಟ ಎಂದು ಆವತ್ತು ತಿಳಿಯಿತು.

ಡೈರಿಯಲ್ಲಿ ಎರಡು ಕ್ಯಾನು ಇಟ್ಟೆ, ಒಂದು ನನ್ನದು, ಒಂದು ಅವಳದು. ಕಾರ್ಯದರ್ಶಿ ದೂರ ಸರಿದ.

"ಆ ಮನೆ ಹಾಲು ಬ್ಯಾಡಮ್ಮ. ಜನ ಗಲಾಟೆ ಮಾಡ್ತಾರೆ."

"ಹಾಲಿಂದ ಬರಲ್ಲ ಅಂತ ಆಶಾ ಕಾರ್ಯಕರ್ತೆನೇ ಹೇಳಿದ್ದಾಳೆ."

"ಅವಳು ಹೇಳ್ತಾಳೆ. ನೀನು ಆ ಕೊಟ್ಟಿಗೆಗೆ ಹೋದೋಳು, ನಿಂದೂ ಬ್ಯಾಡ."

ಸಾಲಿನಲ್ಲಿದ್ದವರೆಲ್ಲ ತಮ್ಮ ತಮ್ಮ ವೃತ್ತದೊಳಗೆ ನಿಂತು ನೋಡುತ್ತಿದ್ದರು. ನಾನು ಅವಳ ಕ್ಯಾನಿನ ಮುಚ್ಚಳ ತೆಗೆದು, ಮುಚ್ಚಳಕ್ಕೇ ಹಾಲು ಬಗ್ಗಿಸಿ, ಎಲ್ಲರ ಎದುರು ಗಟಗಟ ಕುಡಿದೆ. ಬಾಯಿ ಒರೆಸಿಕೊಂಡು, "ಬದುಕಿದ್ರೆ ನಾಳೆ ಬರ್ತೀನಿ" ಎಂದು ಎರಡೂ ಕ್ಯಾನು ಹೊತ್ತು ಮನೆಗೆ ಬಂದೆ. ಮಾರನೆಯ ದಿನವೂ ಹೋದೆ, ಅದರ ಮಾರನೆಯ ದಿನವೂ ಹೋದೆ. ಅವರು ತೆಗೆದುಕೊಳ್ಳಲಿಲ್ಲ, ನಾನೂ ಹೋಗುವುದು ಬಿಡಲಿಲ್ಲ. ಯಜಮಾನರೇ ಮುಂದೆ ನಿಂತು ಹಾಲು ಕಾಯಿಸಿ ಹೆಪ್ಪು ಹಾಕಿದರು, ಪ್ರಾರ್ಥನೆಯನ್ನೂ ಬಿಡಲಿಲ್ಲ. ಬೆಣ್ಣೆಯಿಂದ ತುಪ್ಪವಾಯಿತು. ರಾಗಿ ಗಂಜಿಗೆ ಮಜ್ಜಿಗೆ ಬೆರೆಸಿ ರತ್ನಮ್ಮನ ಕಿಟಕಿಯಲ್ಲಿಟ್ಟು ಬರುತ್ತಿದ್ದೆ. ನಮ್ಮ ಮನೆಯ ನೀರನ್ನೂ ಮುಟ್ಟದಿದ್ದವರು ಪಾತ್ರೆ ಬಳಿದು ಕುಡಿದರು.

ಇಬ್ಬರೂ ಎದ್ದರು. ಹಸುವೂ ಉಳಿಯಿತು. ಇಲ್ಲಿಗೆ ನಿಲ್ಲಿಸಿದರೆ ನಿಮಗೂ ಹಿತ, ನನಗೂ ಹಿತ. ಆದರೆ ನಡೆದದ್ದು ಹಾಗಲ್ಲ. ಹಗ್ಗ ಬಿಚ್ಚಿದ ಮೇಲೆ ಮೊದಲು ಒಳಗೆ ಹೋದವಳು ಜಯಮ್ಮ. ಮಾರನೆಯ ಬೆಳಿಗ್ಗೆ ರತ್ನಮ್ಮ ಕೊಟ್ಟಿಗೆ ತೊಳೆದು ಮೂಲೆಮೂಲೆಗೂ ಗಂಜಲ ಚಿಮುಕಿಸುತ್ತಿದ್ದಳು. ಕಾಯಿಲೆಗಲ್ಲ, ನಾನು ಕಾಲಿಟ್ಟದ್ದಕ್ಕೆ.

ಬೇಲಿಯ ಹತ್ತಿರ ಹೋಗಿ ನಿಂತೆ. "ಕೊಟ್ಟಿಗೆ ತೊಳೆದೆ, ಸರಿ. ನನ್ನ ಗಂಜಿ ಕುಡಿದ ಹೊಟ್ಟೆನ ಹೆಂಗೆ ತೊಳೀತೀಯ ರತ್ನಕ್ಕ?"

ಅವಳು ತಲೆ ಎತ್ತಲಿಲ್ಲ. "ಜಯಕ್ಕ ನಿಂತು ಮಾಡಿಸಿದ್ಲು. ಬ್ಯಾಡ ಅನ್ನಕ್ಕೆ ಧೈರ್ಯ ಬರ್ಲಿಲ್ಲ ಕಣೆ."

"ನೀನು ತೊಳೀತಾ ಇರು. ಮತ್ತೆ ಕಾಯಿಲೆ ಬಿದ್ರೆ ನಾನು ಮತ್ತೆ ಬರ್ತೀನಿ. ಯಾರು ಮೊದ್ಲು ಸುಸ್ತಾಗ್ತಾರೋ ನೋಡೋಣ."

ಇದು ಪ್ರೀತಿಯೇ ಎಂದು ನಮ್ಮ ಸಭೆಯಲ್ಲಿ ಒಬ್ಬರು ಕೇಳಿದ್ದರು, ಇದರಲ್ಲಿ ಹಟವೇ ಜಾಸ್ತಿ ಇದೆಯಲ್ಲ ಎಂದು. ಇರಬಹುದು. ನೆರೆಯವರನ್ನು ಪ್ರೀತಿಸು ಎಂದವನು, ಅವರೂ ನಿನ್ನನ್ನು ಪ್ರೀತಿಸುತ್ತಾರೆ ಎಂದು ಮಾತು ಕೊಟ್ಟಿಲ್ಲ. ಹಟ ಇಲ್ಲದೆ ಆ ಕೆಲಸ ಹೇಗೆ ಮಾಡುತ್ತಾರೋ ನನಗೆ ಗೊತ್ತಿಲ್ಲ.

ಇಷ್ಟನ್ನೂ ನೆನೆದುಕೊಂಡು ಇವತ್ತು ಡೈರಿಯ ಸಾಲಿನಲ್ಲಿ ನಿಂತಿದ್ದಾಗಲೇ ರತ್ನಮ್ಮ ಏದುಸಿರು ಬಿಡುತ್ತಾ ಬಂದಳು. ಜಯಮ್ಮ ನಿನ್ನೆ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದಾಳೆ, ಅವಳ ಮನೆಯ ಹಸು ಯಾರನ್ನೂ ಹತ್ತಿರ ಸೇರಿಸುತ್ತಿಲ್ಲ. "ನನಗೂ ಒದೀತು. ನಿನ್ ಕೈ ಹಗುರ, ಬಾ" ಎಂದವಳೇ ನನ್ನ ಮಣಿಕಟ್ಟು ಹಿಡಿದು ಎಳೆದಳು. ಕ್ಯಾನನ್ನು ಜೊತೆಗೆ ಬಂದಿದ್ದ ಯಜಮಾನರ ಕೈಗೆ ಕೊಟ್ಟು ಹೊರಟೆ. ದಾರಿಯುದ್ದಕ್ಕೂ ಜಯಮ್ಮನಿಗೆ ಏನೇನು ಅನ್ನಬೇಕೆಂದು ಮಾತು ಜೋಡಿಸಿಕೊಳ್ಳುತ್ತಿದ್ದೆ.

ತನ್ನ ಮನೆಯ ಜಗಲಿಯಲ್ಲಿ ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಜಯಮ್ಮ ನನ್ನ ಕಾಲನ್ನೇ ನೋಡಿದಳು. "ಇವ್ಳ್ಯಾಕೆ ರತ್ನ? ಆಮೇಲೆ ಎಲ್ಲ ತೊಳೀಬೇಕಾಯ್ತದಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ರತ್ನಮ್ಮ ಹೇಳಿದಳು: "ಗಂಜಲ ಚಿಮುಕ್ಸೋದಾದ್ರೆ ಮೊದ್ಲು ನನ್ ತಲೆ ಮೇಲೆ ಸುರಿ ಜಯಕ್ಕ. ಇವಳ ಕೈ ಗಂಜಿ ಕುಡ್ದು ಉಳ್ಕಂಡೋಳು ನಾನು. ನೀನು ಆವತ್ತು ಬಾಗ್ಲು ಹಾಕ್ಕಂಡಿದ್ದೆ."

ನನ್ನ ಪಾಲಿನ ಜಗಳವನ್ನು ರತ್ನಮ್ಮ ಆಡಿ ಮುಗಿಸಿದ್ದಳು. ಒಳಗೆ ಹಸು ಕೂಗುತ್ತಿತ್ತು. ಜಯಮ್ಮ ಮೆಲ್ಲಗೆ ಎದ್ದು, ಚೆನ್ನಾಗಿದ್ದ ಒಂದು ಕೈಯಿಂದ ತನ್ನ ಕೊಟ್ಟಿಗೆಯ ಚಿಲಕ ತೆಗೆದಳು.